ವಿಧಾನಸಭಾ ಕ್ಷೇತ್ರಗಳ ಸೀಮಾನಿರ್ಣಯ

ಕರ್ನಾಟಕದ ವಿಧಾನಸಭೆಗೆ ೨೨೪ ಕ್ಷೇತ್ರಗಳಿಂದ ಸದಸ್ಯರು ಚುನಾಯಿತರಾಗಿ ಬರುವರು. ಈ ಕ್ಷೇತ್ರಗಳ ಎಲ್ಲೆಯು ಕಾಲಕಾಲಕ್ಕೆ ಬದಲಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದು ಯಾವ ನಿಯಮಕ್ಕೆ ಅನುಸಾರವಾಗಿ ಬದಲಾಗುವುದು, ಬದಲಾಯಿಸುವ ಅಧಿಕಾರವು ಯಾರದು, ಒಮ್ಮೆ ಗೊತ್ತುಮಾಡಿದುದನ್ನು ತಿದ್ದಲು ಅವಕಾಶವುಂಟೆ ಎಂಬ ಪ್ರಶ್ನೆಗಳಿಗೆ ವಿದ್ಯಾವಂತರಲ್ಲಿಯೂ ಸ್ಪಷ್ಟವಾದ ಉತ್ತರವು ವಿರಳವಾಗಿ ದೊರೆಯುತ್ತದೆ. ಪರಿಭಾಷೆಯ ತೊಡಕು ಇದಕ್ಕೆ ಒಂದು ಮುಖ್ಯ ಕಾರಣ. ‘ಕ್ಷೇತ್ರ ಪುನರ್ವಿಂಗಡಣೆ’ ಎಂಬ ಒಂದೇ ಮಾತಿನಿಂದ ನಾಲ್ಕು ಬೇರೆ ಬೇರೆ ಕಾರ್ಯಗಳನ್ನು ಸೂಚಿಸುವುದು ರೂಢಿಯಾಗಿದೆ. ಸಭೆಯ ಸ್ಥಾನಗಳು ಒಟ್ಟು ಎಷ್ಟಿರಬೇಕೆಂದು ಗೊತ್ತುಮಾಡುವುದು ಮೊದಲನೆಯದು. ಆ ಸ್ಥಾನಗಳನ್ನು ಜಿಲ್ಲೆಜಿಲ್ಲೆಗೆ ಹಂಚುವುದು ಎರಡನೆಯದು. ಹಂಚಿದ ಮೇಲೆ ನೆಲದ ಮೇಲೆ ಗೆರೆಯೆಳೆಯುವುದು ಮೂರನೆಯದು. ಹಾಗೆ ಏರ್ಪಟ್ಟ ಕ್ಷೇತ್ರಗಳಲ್ಲಿ ಯಾವುವು ಮೀಸಲೆಂದು ಹೇಳುವುದು ನಾಲ್ಕನೆಯದು. ಇವುಗಳನ್ನು ಕ್ರಮವಾಗಿ ಸಂಖ್ಯಾನಿರ್ಣಯ, ವಿಂಗಡಣೆ, ಸೀಮಾನಿರ್ಣಯ, ಮೀಸಲು ಎಂದು ಬೇರ್ಪಡಿಸಿಕೊಂಡರೆ ವಿಷಯವು ತಾನಾಗಿಯೇ ತಿಳಿಯಾಗುವುದು.

೧. ಶಬ್ದವಿಚಾರ

‘ಕ್ಷೇತ್ರ’ ಶಬ್ದವು ‘ಕ್ಷಿ’ ಎಂಬ ಧಾತುವಿನಿಂದ ಬಂದುದು. ಆ ಧಾತುವಿಗೆ ವಾಸಿಸುವುದು, ಚಲಿಸುವುದು ಎಂಬ ಎರಡು ಅರ್ಥಗಳನ್ನು ವೈಯಾಕರಣರು ಹೇಳಿರುವರು. ಉಳುವ ಹೊಲ, ಪುಣ್ಯಸ್ಥಳ, ವೇದಾಂತದಲ್ಲಿ ಶರೀರ ಇವೆಲ್ಲವೂ ಕ್ಷೇತ್ರವೇ. ಮತ ಕೊಡುವ ಪ್ರಜೆಗಳ ಪ್ರದೇಶವೆಂಬ ಅರ್ಥವು ಇವುಗಳ ಸಾಲಿಗೆ ತೀರ ಈಚೆಗೆ ಸೇರಿದುದು. ‘ಸೀಮೆ’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಸೀಮೋಲ್ಲಂಘನವೆಂಬಲ್ಲಿ ಅದು ಗೆರೆ. ಬಯಲುಸೀಮೆಯೆಂಬಲ್ಲಿ ಆ ಗೆರೆಯ ಒಳಗಿನ ನೆಲ. ಚುನಾವಣೆಯ ಕ್ಷೇತ್ರವನ್ನು ಕುರಿತ ವಿವಾದಗಳಲ್ಲಿ ಈ ಎರಡು ಅರ್ಥಗಳೂ ಬೆರೆತುಹೋಗುವುದುಂಟು. ಜನರು ತಮ್ಮ ನೆಲವು ಹೋಯಿತೆಂದು ದುಃಖಿಸುವರು. ನಿಜವಾಗಿ ಕದಲಿರುವುದು ಗೆರೆ ಮಾತ್ರ.

ಪ್ರಾಚೀನರಿಗೆ ಸೀಮೆಯು ಸ್ಥಿರವಾಗಿರತಕ್ಕ ವಸ್ತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾವಿವಾದದ ನಿರ್ಣಯಕ್ರಮವನ್ನು ವಿಸ್ತಾರವಾಗಿ ಹೇಳಿದೆ. ಆಲ, ಅರಳಿ, ಮುತ್ತುಗ ಮೊದಲಾದ ಮರಗಳೂ ಕೆರೆ ಬಾವಿಗಳೂ ಕಣ್ಣಿಗೆ ಕಾಣುವ ಗುರುತುಗಳು. ಇವಲ್ಲದೆ ಮೂಳೆ, ಹೊಟ್ಟು, ಬೂದಿ, ಬೋಕಿ, ಇದ್ದಿಲು ಮುಂತಾದ ಬೇಗನೆ ನಶಿಸದ ವಸ್ತುಗಳನ್ನು ನೆಲದೊಳಗೆ ಹೂಳಿ ಗುಪ್ತವಾದ ಗುರುತುಗಳನ್ನೂ ಇರಿಸಬೇಕೆಂಬ ವಿಧಿಯುಂಟು. ಕಾಲವು ಕಳೆದರೂ ಎಲ್ಲೆಯು ಕದಲಬಾರದೆಂಬುದೇ ಇದರ ಉದ್ದೇಶ. ಕನ್ನಡ ಶಾಸನಗಳಲ್ಲಿ ದತ್ತಿಭೂಮಿಯ ನಾಲ್ಕು ದಿಕ್ಕುಗಳ ಎಲ್ಲೆಗಳನ್ನು ಹಳ್ಳ, ದಿಣ್ಣೆ, ನಟ್ಟ ಕಲ್ಲು, ಮರಗಳ ಹೆಸರು ಹಿಡಿದು ಹೇಳಿರುವುದೂ ಇದೇ ಉದ್ದೇಶದಿಂದ.

ನೆಲದೊಡನೆ ಎಣಿಕೆಯನ್ನು ಸೇರಿಸಿ ನೋಡುವ ಪದ್ಧತಿಯೂ ಹಳೆಯದೇ. ಕೌಟಿಲ್ಯನು ಜನಪದನಿವೇಶವನ್ನು ಹೇಳುವಾಗ ಒಂದು ಗ್ರಾಮದಲ್ಲಿ ನೂರಕ್ಕೆ ಕಡಿಮೆಯಿಲ್ಲದೆ ಐನೂರಕ್ಕೆ ಮೀರದೆ ಕುಲಗಳಿರಬೇಕೆಂದೂ, ನದಿ, ಬೆಟ್ಟ, ಕಾಡು ಮೊದಲಾದವುಗಳಿಂದ ಎಲ್ಲೆಯನ್ನು ಗುರುತಿಸಬೇಕೆಂದೂ ವಿಧಿಸಿರುವನು. ಬನವಾಸಿ ಪನ್ನಿರ್ಚ್ಛಾಸಿರ, ಗಂಗವಾಡಿ ತೊಂಬತ್ತಾರುಸಾಸಿರ ಎಂಬ ಶಾಸನದ ನಾಡುಗಳ ಹೆಸರಿನಲ್ಲಿಯೂ ಸಂಖ್ಯೆಯಿದೆ. ಆ ಸಂಖ್ಯೆಯು ಏನನ್ನು ಎಣಿಸಿದುದೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ಪ್ರತಿನಿಧಿಯನ್ನು ಆರಿಸುವುದಕ್ಕಾಗಿಯೇ ಊರನ್ನು ಭಾಗಮಾಡಿದ ಪ್ರಸಿದ್ಧ ಉದಾಹರಣೆಯು ತಮಿಳುನಾಡಿನ ಉತ್ತರಮೇರೂರಿನದು. ಹತ್ತನೆಯ ಶತಮಾನದ ಆದಿಭಾಗದ ಚೋಳಶಾಸನಗಳಂತೆ ಅಲ್ಲಿಯ ಊರನ್ನು ೩೦ ಕುಡುಂಬುಗಳಾಗಿ ವಿಭಾಗಿಸಿ, ಒಂದೊಂದರಿಂದಲೂ ಯೋಗ್ಯರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕುಡಿಕೆಯಲ್ಲಿ ಹಾಕಿ ಎತ್ತುತ್ತಿದ್ದರು.

೨. ಸಂಖ್ಯಾನಿರ್ಣಯ

೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಏರ್ಪಟ್ಟ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ತಾಲ್ಲೂಕುಗಳಿಂದ ಭೂಮಿಯುಳ್ಳ ರೈತರೂ ಜಿಲ್ಲೆಗಳಿಂದ ವರ್ತಕರೂ ಬರುತ್ತಿದ್ದರು. ಅಲ್ಲಿ ತಾಲ್ಲೂಕೇ ಪ್ರಮಾಣ. ತಾಲ್ಲೂಕಿನಲ್ಲಿ ಎಷ್ಟು ತಲೆಗಳಿವೆಯೆಂಬುದು ಮುಖ್ಯವಾಗಿರಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನವು ಈ ದೃಷ್ಟಿಯನ್ನು ತಿರುಗಿಸಿತು. ಅದರ ೧೭೦ನೆಯ ಅನುಚ್ಛೇದದಂತೆ ರಾಜ್ಯವೊಂದರ ಎಲ್ಲ ಕ್ಷೇತ್ರಗಳಲ್ಲಿಯೂ ಜನಸಂಖ್ಯೆಗೂ ಸ್ಥಾನಕ್ಕೂ ಇರುವ ಪ್ರಮಾಣವು ಸಾಧ್ಯವಾದಮಟ್ಟಿಗೆ ಒಂದೇ ಆಗಿರತಕ್ಕದ್ದು. ಪ್ರತಿಯೊಂದು ಜನಗಣತಿಯು ಮುಗಿದ ಮೇಲೆಯೂ ಅದನ್ನು ಸರಿಪಡಿಸತಕ್ಕದ್ದು. ಸ್ಮೃತಿಕಾರರು ಕದಲಬಾರದೆಂದು ವಿಧಿಸಿದ ಗೆರೆಯನ್ನು ಸಂವಿಧಾನವು ಕದಲಿಸಲೇಬೇಕೆಂದು ವಿಧಿಸಿತು. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಸ್ಮೃತಿಯ ಸೀಮೆಯು ನೆಲದ ಒಡೆತನವನ್ನು ಕಾಯುವುದು, ನೆಲವು ಚಲಿಸದು. ಸಂವಿಧಾನದ ಸೀಮೆಯು ಮತದ ಬೆಲೆಯನ್ನು ಕಾಯುವುದು. ಮತವುಳ್ಳ ಜನರು ಹೆಚ್ಚುವರು, ಕಡಿಮೆಯಾಗುವರು, ಊರಿಂದೂರಿಗೆ ಹೋಗುವರು.

೧೯೫೨ರ ಮೊದಲನೆಯ ಚುನಾವಣೆಯಲ್ಲಿ ಹಳೆಯ ಮೈಸೂರಿನ ವಿಧಾನಸಭೆಗೆ ೯೯ ಸ್ಥಾನಗಳಿದ್ದುವು. ಕ್ಷೇತ್ರಗಳಾದರೋ ೮೦ ಮಾತ್ರ. ೧೯ ಕ್ಷೇತ್ರಗಳಲ್ಲಿ ಇಬ್ಬಿಬ್ಬರು ಸದಸ್ಯರನ್ನು ಆರಿಸುವ ಪದ್ಧತಿಯಿದ್ದುದೇ ಈ ವ್ಯತ್ಯಾಸಕ್ಕೆ ಕಾರಣ. ೧೯೫೬ರ ನವೆಂಬರ್ ೧ರಂದು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳೂ, ಹೈದರಾಬಾದಿನ ಕನ್ನಡ ಪ್ರದೇಶಗಳೂ, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳೂ, ಕೊಡಗೂ ಸೇರಿ ವಿಶಾಲ ಮೈಸೂರು ಆದಮೇಲೆ, ೧೯೫೭ರಲ್ಲಿ ಸ್ಥಾನಗಳು ೨೦೮ ಆದುವು. ದ್ವಿಸದಸ್ಯ ಕ್ಷೇತ್ರಗಳನ್ನು ೧೯೬೧ರ ಕಾಯಿದೆಯು ರದ್ದುಮಾಡಿತು. ೧೯೬೭ರ ಚುನಾವಣೆಗೆ ಸ್ಥಾನಗಳು ೨೧೬ಕ್ಕೂ, ೧೯೭೮ರ ಚುನಾವಣೆಗೆ ೨೨೪ಕ್ಕೂ ಏರಿದುವು.

ಈ ಅಂಕಿಗಳು ಆಕಸ್ಮಿಕವಲ್ಲ. ರಾಜ್ಯಕ್ಕೆ ಲೋಕಸಭೆಯಲ್ಲಿ ಮೊದಲು ೨೬, ಆಮೇಲೆ ೨೭, ಅನಂತರ ೨೮ ಸ್ಥಾನಗಳು ದೊರೆತುವು. ವಿಧಾನಸಭೆಯ ಸ್ಥಾನಗಳು ಲೋಕಸಭೆಯ ಸ್ಥಾನಗಳ ಪೂರ್ಣ ಗುಣಕವಾಗಿರಬೇಕು, ಒಂದು ವಿಧಾನಸಭಾ ಕ್ಷೇತ್ರವು ಸಂಪೂರ್ಣವಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಇರಬೇಕು ಎಂಬುದು ನಿಯಮ. ೨೬, ೨೭, ೨೮ ಇವನ್ನು ಎಂಟರಿಂದ ಗುಣಿಸಿದರೆ ೨೦೮, ೨೧೬, ೨೨೪ ಬರುವುವು. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳೆಂಬ ಲೆಕ್ಕವು ಹೀಗೆ ನಿಂತಿತು.

೩. ವಿಂಗಡಣೆ

ಒಟ್ಟು ಸ್ಥಾನಗಳು ಗೊತ್ತಾದ ಮೇಲೆ ರಾಜ್ಯದ ಜನಸಂಖ್ಯೆಯನ್ನು ಸ್ಥಾನಸಂಖ್ಯೆಯಿಂದ ಭಾಗಿಸಬೇಕು. ಬಂದ ಫಲವು ಒಂದು ಕ್ಷೇತ್ರದ ಸರಾಸರಿ ಜನಸಂಖ್ಯೆ. ಪ್ರತಿಯೊಂದು ಜಿಲ್ಲೆಯ ಜನಸಂಖ್ಯೆಯಲ್ಲಿ ಈ ಸರಾಸರಿಯು ಎಷ್ಟು ಸಲ ಅಡಗಿದೆಯೋ ಅಷ್ಟು ಸ್ಥಾನಗಳು ಆ ಜಿಲ್ಲೆಗೆ ಸಲ್ಲುವುವು. ಭಿನ್ನಾಂಕವನ್ನು ಸಮೀಪದ ಪೂರ್ಣಾಂಕಕ್ಕೆ ಸರಿಮಾಡಿಕೊಳ್ಳುವುದು ಸಾಮಾನ್ಯ ಕ್ರಮ.

ಈ ಲೆಕ್ಕದ ಪರಿಣಾಮವನ್ನು ಕೊಡಗಿನಲ್ಲಿ ಚೆನ್ನಾಗಿ ಕಾಣಬಹುದು. ೧೯೭೧ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆಯು ೨,೯೨,೯೯,೦೧೪. ಇದನ್ನು ೨೨೪ರಿಂದ ಭಾಗಿಸಿದರೆ ಸರಾಸರಿಯು ಸುಮಾರು ೧,೩೦,೮೦೦. ಅಂದು ಕೊಡಗಿನ ಜನಸಂಖ್ಯೆ ೩,೭೮,೨೯೧. ಅದರ ಪಾಲು ೨.೮೯, ಎಂದರೆ ಮೂರು ಸ್ಥಾನಗಳು. ೨೦೦೧ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆ ೫,೨೮,೫೦,೫೬೨. ಸರಾಸರಿಯು ಸುಮಾರು ೨,೩೫,೯೪೦. ಕೊಡಗಿನ ಜನಸಂಖ್ಯೆಯು ೫,೪೮,೫೬೧ಕ್ಕೆ ಏರಿದ್ದರೂ ಅದರ ಪಾಲು ೨.೩೩ಕ್ಕೆ ಇಳಿಯಿತು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದಿದ್ದ ಮೂರು ಕ್ಷೇತ್ರಗಳು ೨೦೦೮ರಲ್ಲಿ ಎರಡಾಗಿ, ಸೋಮವಾರಪೇಟೆಯ ಹೆಸರು ಪಟ್ಟಿಯಿಂದ ಹೋಯಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕೊಡಗಿನಲ್ಲಿ ಜನರು ಕಡಿಮೆಯಾಗಲಿಲ್ಲ. ಮೂವತ್ತು ವರ್ಷಗಳಲ್ಲಿ ಅವರು ನೂರಕ್ಕೆ ೪೫ರಷ್ಟು ಹೆಚ್ಚಿದರು. ರಾಜ್ಯವಾದರೋ ನೂರಕ್ಕೆ ೮೦ರಷ್ಟು ಹೆಚ್ಚಿತು. ಬೆಳೆದರೂ ಉಳಿದವರಷ್ಟು ವೇಗವಾಗಿ ಬೆಳೆಯದವರು ಸ್ಥಾನವನ್ನು ಕಳೆದುಕೊಳ್ಳುವರೆಂಬುದು ಈ ಲೆಕ್ಕದ ಸ್ವಭಾವ.

ಇದರ ಇನ್ನೊಂದು ಮುಖವು ಬೆಂಗಳೂರು ನಗರ ಜಿಲ್ಲೆ. ೨೦೦೧ರಲ್ಲಿ ಅದರ ಜನಸಂಖ್ಯೆ ೬೫,೩೭,೧೨೪, ಪಾಲು ೨೭.೭, ದೊರೆತ ಸ್ಥಾನಗಳು ೨೮. ಸಭೆಯ ಸ್ಥಾನಗಳು ೨೨೪ಕ್ಕೆ ಮೀರಲು ಅವಕಾಶವಿಲ್ಲದೆ ಇದ್ದುದರಿಂದ ಬೆಂಗಳೂರಿಗೆ ಹೆಚ್ಚಾಗಿ ಬಂದ ಸ್ಥಾನಗಳು ಬೇರೆ ಜಿಲ್ಲೆಗಳಿಂದಲೇ ಬರಬೇಕಾಯಿತು. ಉಡುಪಿ ಜಿಲ್ಲೆಯ ಬ್ರಹ್ಮಾವರ, ದಕ್ಷಿಣ ಕನ್ನಡದ ವಿಟ್ಲ, ಚಿಕ್ಕಮಗಳೂರಿನ ಬೀರೂರು, ಮಂಡ್ಯದ ಕೆರಗೋಡು ಮತ್ತು ಕಿರುಗಾವಲು, ಚಾಮರಾಜನಗರದ ಸಂತೇಮರಹಳ್ಳಿ ಇವು ಆಗ ಕ್ಷೇತ್ರಗಳ ಪಟ್ಟಿಯಿಂದ ಮರೆಯಾದ ಹೆಸರುಗಳಲ್ಲಿ ಕೆಲವು.

೪. ಸೀಮಾನಿರ್ಣಯ

ಜಿಲ್ಲೆಗೆ ಇಷ್ಟು ಸ್ಥಾನಗಳೆಂದು ಗೊತ್ತಾದ ಬಳಿಕ ಗೆರೆಯೆಳೆಯುವ ಕಾರ್ಯ. ೨೦೦೨ರ ಸೀಮಾನಿರ್ಣಯ ಕಾಯಿದೆಯಂತೆ ಕ್ಷೇತ್ರವು ಸಾಧ್ಯವಾದಮಟ್ಟಿಗೆ ಒತ್ತಾಗಿ ಕೂಡಿಕೊಂಡ ಪ್ರದೇಶವಾಗಿರಬೇಕು. ಬೆಟ್ಟ ನದಿಗಳೇ ಮೊದಲಾದ ನಿಸರ್ಗಲಕ್ಷಣಗಳು, ಆಡಳಿತದ ವಿಭಾಗಗಳ ಈಗಿರುವ ಎಲ್ಲೆಗಳು, ಸಂಚಾರಸೌಕರ್ಯ, ಜನರ ಅನುಕೂಲ ಇವುಗಳಿಗೆ ಗಮನ ಕೊಡಬೇಕು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಜನಸಂಖ್ಯೆಯ ಸಮತೆಯು ಉತ್ಸರ್ಗ, ನೆಲದ ಲಕ್ಷಣಗಳು ಅಪವಾದ. ‘ಸಾಧ್ಯವಾದಮಟ್ಟಿಗೆ’ ಎಂಬ ಮಾತೇ ಅಪವಾದಕ್ಕೆ ಬಾಗಿಲು. ಆ ಬಾಗಿಲು ತೀರ ಅಗಲವಾಗಬಾರದೆಂದು ಆಯೋಗವು ಸರಾಸರಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯನ್ನು ಮಿತಿಯಾಗಿ ಇಟ್ಟುಕೊಂಡಿತು. ಕ್ಷೇತ್ರಗಳಿಗೆ ಅಂಕಿ ಕೊಡುವುದರಲ್ಲಿಯೂ ಒಂದು ಕ್ರಮವುಂಟು. ವಾಯವ್ಯದ ಮೂಲೆಯಿಂದ ಮೊದಲಾಗಿ ಅಂಕುಡೊಂಕಾಗಿ ಸಾಗಿ ದಕ್ಷಿಣದಲ್ಲಿ ಮುಗಿಯಬೇಕು. ಅದರಂತೆ ಕರ್ನಾಟಕದಲ್ಲಿ ೧ನೆಯದು ನಿಪ್ಪಾಣಿ, ೨೨೪ನೆಯದು ಗುಂಡ್ಲುಪೇಟೆ.

ಗೆರೆಯನ್ನು ಹೇಳುವ ಭಾಷೆಯು ಶಾಸನಗಳ ಭಾಷೆಗಿಂತ ಭಿನ್ನವಾದುದು. ಇಂತಹ ಹಳ್ಳದಿಂದ ಇಂತಹ ಕಲ್ಲಿನವರೆಗೆ ಎಂದು ಇಂದಿನ ಆದೇಶವು ಹೇಳುವುದಿಲ್ಲ. ಇಂತಹ ತಾಲ್ಲೂಕು, ಇಂತಹ ಹೋಬಳಿ ಅಥವಾ ಕಂದಾಯ ವೃತ್ತ, ನಗರವಾದರೆ ಇಂತಹ ವಾರ್ಡು ಎಂದು ಹೇಳುತ್ತದೆ. ಆದುದರಿಂದ ಆಡಳಿತದ ವಿಭಾಗಗಳು ತರುವಾಯ ಬದಲಾದರೂ ಕ್ಷೇತ್ರದ ಅರ್ಥವು ಕೆಡದಂತೆ, ೨೦೦೪ರ ಫೆಬ್ರವರಿ ೧೫ರಂದು ಅವು ಹೇಗಿದ್ದುವೋ ಹಾಗೆಯೇ ಗಣನೆಗೆ ತೆಗೆದುಕೊಳ್ಳಲಾಯಿತು. ೨೦೦೭ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳೂ ೨೦೨೧ರಲ್ಲಿ ವಿಜಯನಗರ ಜಿಲ್ಲೆಯೂ ಹುಟ್ಟಿದುವು. ಜಿಲ್ಲೆಯು ಹುಟ್ಟಿದುದರಿಂದ ಕ್ಷೇತ್ರದ ಗೆರೆಯು ಕದಲಲಿಲ್ಲ.

ಗೆರೆಯೊಡನೆ ಹೆಸರುಗಳೂ ಬದಲಾಗುವುವು. ೨೦೦೮ರಲ್ಲಿ ಪಾಂಡವಪುರವು ಮೇಲುಕೋಟೆಯಾಯಿತು, ಹೊಸಪೇಟೆಯು ವಿಜಯನಗರವಾಯಿತು, ಅಂಕೋಲೆಯ ಹೆಸರು ಹೋಗಿ ಯಲ್ಲಾಪುರದ ಹೆಸರು ಬಂದಿತು, ವರುಣವೆಂಬ ಹಳ್ಳಿಯ ಹೆಸರಿನಿಂದ ಹೊಸ ಕ್ಷೇತ್ರವೊಂದು ಏರ್ಪಟ್ಟಿತು. ಬೆಂಗಳೂರಿನಲ್ಲಿ ಚಾಲುಕ್ಯ ಚಕ್ರವರ್ತಿಯ ಹೆಸರುಳ್ಳ ಪುಲಕೇಶಿನಗರ, ತ್ರಿಪದಿಕಾರನ ಹೆಸರುಳ್ಳ ಸರ್ವಜ್ಞನಗರ ಇವು ಕ್ಷೇತ್ರಗಳಾದುವು. ಊರಿನ ಹೆಸರು ಕ್ಷೇತ್ರದ ಪಟ್ಟಿಯಲ್ಲಿ ನಿಲ್ಲುವುದು ಕೇವಲ ಗೌರವದ ಮಾತಲ್ಲ. ಚುನಾವಣೆಯ ದಾಖಲೆ, ಪತ್ರಿಕೆಯ ವಾರ್ತೆ, ಸಭೆಯ ನಡವಳಿಕೆ ಇವುಗಳಲ್ಲಿ ಆ ಹೆಸರೇ ಉಳಿಯುವುದರಿಂದ, ಸ್ಥಳನಾಮಗಳ ಚರಿತ್ರೆಯನ್ನು ಬರೆಯುವವರಿಗೆ ಈ ಪಟ್ಟಿಗಳು ಉಪೇಕ್ಷಿಸಲಾಗದ ಆಕರಗಳು.

೫. ಮೀಸಲು

ಸಂವಿಧಾನದ ೩೩೨ನೆಯ ಅನುಚ್ಛೇದದಂತೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಸ್ಥಾನಗಳನ್ನು ಮೀಸಲಿಡಬೇಕು. ಎರಡಕ್ಕೂ ಇರುವ ನಿಯಮವು ಒಂದೇ ಅಲ್ಲ. ಪರಿಶಿಷ್ಟ ವರ್ಗದ ಸ್ಥಾನಗಳು ಅವರ ಪ್ರಮಾಣವು ಎಲ್ಲಿ ಅತ್ಯಧಿಕವಾಗಿದೆಯೋ ಅಲ್ಲಿಯೇ ಇರತಕ್ಕವು. ಪರಿಶಿಷ್ಟ ಜಾತಿಯ ಸ್ಥಾನಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡಿ, ಆಯಾ ಭಾಗದಲ್ಲಿ ಅವರ ಪ್ರಮಾಣವು ಹೆಚ್ಚಾಗಿರುವ ಕಡೆ ಇಡತಕ್ಕದ್ದು. ಆದುದರಿಂದಲೇ ಪರಿಶಿಷ್ಟ ವರ್ಗದ ಕ್ಷೇತ್ರಗಳು ರಾಯಚೂರು, ಬಳ್ಳಾರಿ, ಚಿತ್ರದುರ್ಗಗಳ ಕಡೆಯಲ್ಲಿ ಗುಂಪಾಗಿಯೂ, ಪರಿಶಿಷ್ಟ ಜಾತಿಯವು ರಾಜ್ಯದಲ್ಲೆಲ್ಲ ಚೆದರಿಯೂ ಕಾಣುತ್ತವೆ.

೨೦೦೮ಕ್ಕೆ ಮೊದಲು ಪರಿಶಿಷ್ಟ ಜಾತಿಗೆ ೩೩, ಪರಿಶಿಷ್ಟ ವರ್ಗಕ್ಕೆ ೨ ಸ್ಥಾನಗಳಿದ್ದುವು. ಅನಂತರ ಅವು ೩೬ ಮತ್ತು ೧೫ ಆದುವು. ಎರಡು ಸ್ಥಾನಗಳು ಹದಿನೈದಾದುದಕ್ಕೆ ಒಂದು ಕಾರಣವು ಶಬ್ದಸಂಬಂಧವಾದುದು. ಪಟ್ಟಿಯಲ್ಲಿದ್ದ ನಾಯಕ ಎಂಬ ಹೆಸರಿಗೆ ಬೇಡ, ಬೇಡರ್, ವಾಲ್ಮೀಕಿ ಮೊದಲಾದ ಪರ್ಯಾಯನಾಮಗಳನ್ನು ೧೯೯೧ರ ಕಾಯಿದೆಯು ಸೇರಿಸಿತು. ೨೦೦೧ರ ಗಣತಿಯಲ್ಲಿ ಪರಿಶಿಷ್ಟ ವರ್ಗದವರು ೩೪,೬೩,೯೮೬ ಮಂದಿ, ಎಂದರೆ ನೂರಕ್ಕೆ ಸುಮಾರು ಆರೂವರೆ. ೨೨೪ರಲ್ಲಿ ಅವರ ಪಾಲು ೧೪.೭. ನಿಘಂಟುಕಾರನು ಪರ್ಯಾಯಪದವೆಂದು ಬರೆಯುವ ಒಂದು ಮಾತು, ಕಾಯಿದೆಯ ಪಟ್ಟಿಗೆ ಬಂದಾಗ, ಸಭೆಯ ಆಸನವಾಗಿ ಪರಿಣಮಿಸಿತು. ಮೀಸಲು ಸ್ಥಳ ಬದಲಾಯಿಸುವುದೂ ಉಂಟು. ಹಿಂದೆ ಪರಿಶಿಷ್ಟ ವರ್ಗಕ್ಕೆ ಮೀಸಲಾಗಿದ್ದ ವಿರಾಜಪೇಟೆಯು ೨೦೦೮ರಲ್ಲಿ ಸಾಮಾನ್ಯ ಕ್ಷೇತ್ರವಾಯಿತು.

೬. ನಿರ್ಣಯಿಸುವವರು

ಗೆರೆಯೆಳೆಯುವ ಅಧಿಕಾರವನ್ನು ಆಳುವ ಪಕ್ಷದ ಕೈಗೆ ಕೊಟ್ಟರೆ ಆಗುವ ಅನರ್ಥವು ಬೇರೆ ದೇಶಗಳ ಚರಿತ್ರೆಯಿಂದ ತಿಳಿದುಬರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ೧೮೧೨ರಲ್ಲಿ ಗವರ್ನರ್ ಎಲ್‌ಬ್ರಿಡ್ಜ್ ಗೆರಿಯ ಅಂಕಿತ ಪಡೆದ ಕ್ಷೇತ್ರವೊಂದು ಸಾಲಮಾಂಡರ್ ಎಂಬ ಹಲ್ಲಿಯಾಕಾರದ ಜಂತುವಿನಂತೆ ವಕ್ರವಾಗಿದ್ದುದರಿಂದ, ಆ ಎರಡು ಹೆಸರುಗಳನ್ನೂ ಕೂಡಿಸಿ ‘ಗೆರಿಮಾಂಡರ್’ ಎಂಬ ಪದವನ್ನು ಅಲ್ಲಿಯ ಪತ್ರಿಕೆಯವರು ಸೃಷ್ಟಿಸಿದರು. ಸ್ವಪಕ್ಷದ ಲಾಭಕ್ಕಾಗಿ ಎಲ್ಲೆಯನ್ನು ತಿರುಚುವುದಕ್ಕೆ ಆ ಪದವು ಈಗಲೂ ಬಳಕೆಯಲ್ಲಿದೆ.

ಭಾರತದಲ್ಲಿ ಈ ಕಾರ್ಯವನ್ನು ೧೯೫೨, ೧೯೬೨, ೧೯೭೨, ೨೦೦೨ ಈ ನಾಲ್ಕು ವರ್ಷಗಳ ಕಾಯಿದೆಗಳಂತೆ ಸ್ವತಂತ್ರವಾದ ಆಯೋಗಗಳಿಗೆ ವಹಿಸಲಾಯಿತು. ೨೦೦೨ರ ಆಯೋಗಕ್ಕೆ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕುಲದೀಪ್ ಸಿಂಗ್ ಅವರು ಅಧ್ಯಕ್ಷರು. ಕೇಂದ್ರ ಚುನಾವಣಾ ಆಯೋಗದ ಒಬ್ಬರೂ ಆಯಾ ರಾಜ್ಯದ ಚುನಾವಣಾ ಆಯುಕ್ತರೂ ಸದಸ್ಯರು. ಪ್ರತಿ ರಾಜ್ಯದಿಂದ ಲೋಕಸಭೆಯ ಐವರೂ ವಿಧಾನಸಭೆಯ ಐವರೂ ಸಹಸದಸ್ಯರಾಗಿ ಕುಳಿತು ಸಲಹೆ ಕೊಡಬಹುದು; ಮತ ಹಾಕುವಂತಿಲ್ಲ, ನಿರ್ಣಯಕ್ಕೆ ರುಜು ಮಾಡುವಂತಿಲ್ಲ. ಆಯೋಗವು ಕರಡನ್ನು ಪ್ರಕಟಿಸಿ, ಒಪ್ಪದ ಸಹಸದಸ್ಯರ ಅಭಿಪ್ರಾಯವನ್ನೂ ಅದರೊಡನೆ ಅಚ್ಚುಮಾಡಿಸಿ, ಆಕ್ಷೇಪಣೆಗಳನ್ನು ಕರೆದು, ಬಹಿರಂಗ ಸಭೆಗಳಲ್ಲಿ ಕೇಳಿ, ಅನಂತರ ಅಂತಿಮ ಆದೇಶವನ್ನು ಹೊರಡಿಸುವುದು. ಆ ಆದೇಶಕ್ಕೆ ಕಾಯಿದೆಯ ಬಲವುಂಟು. ಅದನ್ನು ಲೋಕಸಭೆ ವಿಧಾನಸಭೆಗಳ ಮುಂದೆ ಇಡುವರು. ಒಂದಕ್ಷರವನ್ನು ತಿದ್ದುವ ಅಧಿಕಾರವು ಆ ಸಭೆಗಳಿಗಿಲ್ಲ. ೩೨೯ನೆಯ ಅನುಚ್ಛೇದವು ನ್ಯಾಯಾಲಯದ ದಾರಿಯನ್ನೂ ತಡೆಯುವುದೆಂದು ಸರ್ವೋಚ್ಚ ನ್ಯಾಯಾಲಯವು ೧೯೬೬ರ ಮೇಘರಾಜ ಕೊಠಾರಿ ಪ್ರಕರಣದಲ್ಲಿ ಹೇಳಿತು. ಆದೇಶವು ಕೇವಲ ಸ್ವೇಚ್ಛೆಯದೂ ಸಂವಿಧಾನಕ್ಕೆ ವಿರುದ್ಧವೂ ಆಗಿದ್ದರೆ ಪರಿಶೀಲಿಸಬಹುದೆಂದು ಅದೇ ನ್ಯಾಯಾಲಯವು ೨೦೨೪ರಲ್ಲಿ ಹೇಳಿದುದರಿಂದ ಆ ದಾರಿಯು ಸ್ವಲ್ಪಮಟ್ಟಿಗೆ ತೆರೆಯಿತು.

೨೦೦೮ರ ಫೆಬ್ರವರಿ ೧೯ರಂದು ರಾಷ್ಟ್ರಪತಿಗಳ ಅನುಮತಿಯು ದೊರೆತು, ಅದೇ ವರ್ಷದ ಮೇ ತಿಂಗಳಲ್ಲಿ ಹೊಸ ಎಲ್ಲೆಗಳಂತೆ ಕರ್ನಾಟಕದ ಚುನಾವಣೆಯು ನಡೆಯಿತು.

೭. ತಡೆದು ನಿಂತ ಲೆಕ್ಕ

ಪ್ರತಿ ಗಣತಿಯ ಮೇಲೆಯೂ ಸರಿಪಡಿಸಬೇಕೆಂಬ ಮೂಲವಿಧಿಯು ಹಾಗೆಯೇ ನಡೆಯಲಿಲ್ಲ. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳು ಆ ಕಾರಣದಿಂದಲೇ ಲೋಕಸಭೆಯಲ್ಲಿ ಸ್ಥಾನ ಕಳೆದುಕೊಳ್ಳಬಾರದೆಂಬ ಉದ್ದೇಶದಿಂದ, ೧೯೭೬ರ ೪೨ನೆಯ ತಿದ್ದುಪಡಿಯು ಸ್ಥಾನಗಳ ಸಂಖ್ಯೆಯನ್ನು ೧೯೭೧ರ ಗಣತಿಗೆ ಕಟ್ಟಿಹಾಕಿತು. ೨೦೦೧ರ ೮೪ನೆಯ ತಿದ್ದುಪಡಿಯು ಈ ಕಟ್ಟನ್ನು ೨೦೨೬ರ ತರುವಾಯದ ಮೊದಲನೆಯ ಗಣತಿಯವರೆಗೆ ಮುಂದುವರಿಸಿತು. ರಾಜ್ಯದೊಳಗಿನ ಗೆರೆಗಳನ್ನು ೨೦೦೧ರ ಗಣತಿಯಂತೆ ಸರಿಮಾಡಲು ೨೦೦೩ರ ೮೭ನೆಯ ತಿದ್ದುಪಡಿಯು ಅವಕಾಶ ಕೊಟ್ಟಿತು. ಹೀಗೆ ಮೇಲೆ ಹೇಳಿದ ನಾಲ್ಕು ಕಾರ್ಯಗಳಲ್ಲಿ ಸಂಖ್ಯಾನಿರ್ಣಯವು ತಡೆದು ನಿಂತಿತು. ಉಳಿದ ಮೂರು ನಡೆದುವು. ಮಹಿಳೆಯರಿಗೆ ಮೂರನೆಯ ಒಂದು ಭಾಗವನ್ನು ಮೀಸಲಿಡುವ ೨೦೨೩ರ ತಿದ್ದುಪಡಿಯೂ ಮುಂದಿನ ಗಣತಿ ಮತ್ತು ಅದರ ಮೇಲಣ ಸೀಮಾನಿರ್ಣಯದೊಡನೆ ತನ್ನನ್ನು ಜೋಡಿಸಿಕೊಂಡಿತು.

ತಡೆದು ನಿಂತ ಲೆಕ್ಕಕ್ಕೆ ಬೆಲೆಯುಂಟು. ೨೦೨೩ರ ಚುನಾವಣೆಯ ವೇಳೆಗೆ ಬೆಂಗಳೂರು ದಕ್ಷಿಣ ಕ್ಷೇತ್ರದ ಮತದಾರರು ಆರು ಲಕ್ಷವನ್ನು ಮೀರಿದ್ದರು. ಶೃಂಗೇರಿಯಲ್ಲಿ ಎರಡು ಲಕ್ಷಕ್ಕೂ ಕಡಿಮೆಯಿದ್ದರು. ಸಭೆಯಲ್ಲಿ ಇಬ್ಬರ ಪ್ರತಿನಿಧಿಗಳಿಗೂ ಒಂದೊಂದೇ ಮತ. ಎಂದರೆ ಶೃಂಗೇರಿಯ ಒಬ್ಬ ಮತದಾರನ ತೂಕವು ಬೆಂಗಳೂರು ದಕ್ಷಿಣದ ಮೂವರಿಗಿಂತ ಹೆಚ್ಚು. ಇದು ಉತ್ಸರ್ಗಕ್ಕೆ ವಿರುದ್ಧವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕವನ್ನು ಅಕ್ಷರಶಃ ನಡೆಸಿದರೆ ಮಲೆನಾಡಿನ ಕ್ಷೇತ್ರಗಳು ಇನ್ನೂ ಕಡಿಮೆಯಾಗಿ, ಘಟ್ಟಕಾಡುಗಳ ನಡುವೆ ಚೆದರಿದ ಹಳ್ಳಿಗಳವರು ತಮ್ಮ ಪ್ರತಿನಿಧಿಯನ್ನು ಕಾಣಲು ಒಂದು ದಿನದ ಪಯಣ ಮಾಡಬೇಕಾದೀತು. ಸಂಚಾರಸೌಕರ್ಯ, ಜನರ ಅನುಕೂಲ ಎಂಬ ಅಪವಾದಗಳನ್ನು ಕಾಯಿದೆಯು ಇಟ್ಟುಕೊಂಡಿರುವುದು ಇಂತಹವರಿಗಾಗಿಯೇ. ಎರಡು ವಾಕ್ಯಗಳು ವಿರೋಧಿಸಿದಾಗ ಯಾವುದನ್ನೂ ವ್ಯರ್ಥಮಾಡದೆ ಎರಡಕ್ಕೂ ಅವಕಾಶ ಕಲ್ಪಿಸುವುದು ಮೀಮಾಂಸಕರ ಮಾರ್ಗ. ಮುಂದಿನ ಆಯೋಗದವರ ಮುಂದೆ ಇರುವುದೂ ಅದೇ ಕೆಲಸ.

ಅವರಿಗೆ ನೆಲದ ಸ್ಥಿತಿಯನ್ನು ತಿಳಿಸುವವರು ಯಾರು? ಸೀಮಾವಿವಾದದಲ್ಲಿ ಗ್ರಾಮದವರೇ ಸಾಕ್ಷಿಗಳೆಂದೂ, ಅವರು ಕೆಂಪು ಬಟ್ಟೆಯುಟ್ಟು, ಮಾಲೆ ಧರಿಸಿ, ತಲೆಯ ಮೇಲೆ ಮಣ್ಣನ್ನಿಟ್ಟುಕೊಂಡು ಸತ್ಯವನ್ನು ಹೇಳತಕ್ಕದ್ದೆಂದೂ ಮನುಸ್ಮೃತಿಯು ವಿಧಿಸಿದೆ. ಇಂದಿನ ಕಾಯಿದೆಯಲ್ಲಿ ಆ ಸಾಕ್ಷ್ಯದ ಸ್ಥಾನದಲ್ಲಿರುವುದು ಆಕ್ಷೇಪಣೆಯ ಅರ್ಜಿ ಮತ್ತು ಬಹಿರಂಗ ಸಭೆ. ಕರಡು ಪ್ರಕಟವಾದ ದಿನದಿಂದ ಗೊತ್ತಾದ ಅವಧಿಯವರೆಗೆ ಮಾತ್ರ ಆ ಬಾಗಿಲು ತೆರೆದಿರುತ್ತದೆ. ಅಂತಿಮ ಆದೇಶವು ಹೊರಟ ಮೇಲೆ ಶಾಸನಸಭೆಗೂ ಅದನ್ನು ತಿದ್ದುವ ಶಕ್ತಿಯಿಲ್ಲ. ಯಾವ ಹೋಬಳಿಗೂ ಯಾವ ಪೇಟೆಗೂ ನಂಟು, ಮಳೆಗಾಲದಲ್ಲಿ ಯಾವ ಹೊಳೆಯು ಯಾವ ದಾರಿಯನ್ನು ಕಡಿಯುವುದು, ಯಾವ ಊರಿನ ಹೆಸರನ್ನು ಕರಡಿನಲ್ಲಿ ತಪ್ಪಾಗಿ ಬರೆದಿದೆ ಎಂಬುದನ್ನು ಬಲ್ಲವರು ಆ ಊರುಗಳಲ್ಲಿಯೇ ಇರುವರು. ಅವರಲ್ಲಿ ಕರಡನ್ನು ಓದಿ ಅರ್ಥಮಾಡಿ, ಆಕ್ಷೇಪಣೆಯನ್ನು ಶುದ್ಧವಾದ ಕನ್ನಡದಲ್ಲಿ ಬರೆದುಕೊಡಬಲ್ಲವರು ಬಹುಮಟ್ಟಿಗೆ ಊರಿನ ಉಪಾಧ್ಯಾಯರೇ. ಕರಡು ಬಂದಾಗ ಅವರು ಅದನ್ನು ಓದತಕ್ಕದ್ದು.